ಗುಜರಿ ಗಾಡಿ ಬರುವುದರೊಳಗೆ

ಬೆಳಗಿನ ಐದೂವರೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಹಾಲವ್ವನವರ ಮನೆಯ ಪಡಸಾಲೆ. ಸುಜಾತಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಿಚ್ಚಿಟ್ಟ ಕಂಪ್ಯೂಟರ್ ಡಬ್ಬಿಯೊಳಗೆ ಕೈ ಇಳಿಸಿದ್ದಾರೆ. ಬಣ್ಣ ಬಳಿಯುವ ಕುಂಚದಿಂದ ಫ್ಯಾನಿನ ಸಂದಿಯ ಧೂಳು ತೆಗೆಯುತ್ತಾರೆ. ಮೆಮೊರಿ ಕಾರ್ಡನ್ನು ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳು ಬಳಸುವ ರಬ್ಬರಿನಿಂದ ಗಸಗಸ ಉಜ್ಜುತ್ತಾರೆ. ಡಬ್ಬಿಯ ತಳದಿಂದ ಒಂದು ಸತ್ತ ಜಿರಳೆ, ನಾಲ್ಕು ಜೋಳದ ಕಾಳು, ಹಣೆಗಿಡುವ ಒಂದು ಕೆಂಪು ಟಿಕಳಿ ಹೊರಗೆ ಬರುತ್ತವೆ.

"ಜೀವ ಹೋಗಿಲ್ರಿ ಇದರದ್ದು. ಉಸುರು ಕಟ್ಟಿತ್ತಷ್ಟ," ಎನ್ನುತ್ತಾರೆ ಸುಜಾತಾ, ಕಾರ್ಡನ್ನು ಮತ್ತೆ ಅದರ ಜಾಗಕ್ಕೆ ಒತ್ತಿ ಕೂರಿಸುತ್ತ.

ಅವರ ಕೆಲಸವೆಲ್ಲ ಹೀಗೆ ನಸುಕಿನಲ್ಲೇ. ಹಿಂದಿನ ದಿನ ಸಂಜೆ ಬಸ್ಸಿಗೆ ಬಂದು, ಕಂಪ್ಯೂಟರ್ ಇರುವ ಮನೆಯಲ್ಲೇ ಮಲಗಿ, ಕೋಳಿ ಕೂಗುವ ಹೊತ್ತಿಗೆ ಏಳುತ್ತಾರೆ. ಬೆಳಗಿನ ಐದರಿಂದ ಎಂಟರವರೆಗೆ ಹಳ್ಳಿಗಳಲ್ಲಿ ಕರೆಂಟು ನೆಟ್ಟಗಿರುತ್ತದೆ; ಆಮೇಲೆ ಬಂದು ಹೋಗುವ ಆಟ. ಕಂಪ್ಯೂಟರನ್ನು ನಡೆಸುವ ಹಳೆಯ ವ್ಯವಸ್ಥೆಯನ್ನು ಅಳಿಸಿ ಹೊಸದನ್ನು ಕೂರಿಸುವ ನಲವತ್ತು ನಿಮಿಷದ ನಡುವೆ ಕರೆಂಟು ಹೋದರೆ ಮಾಡಿದ್ದೆಲ್ಲ ನೀರುಪಾಲು. ಇನ್ನೊಂದು ಕಾರಣವನ್ನು ಅವರು ನಗುತ್ತ ಹೇಳುತ್ತಾರೆ: "ಆ ಹೊತ್ತಿನ್ಯಾಗ ಗಂಡಸರು ಹೊಲಕ್ಕ ಹೋಗಿರ್ತಾರ್ರಿ. ಹೆಣ್ಮಗಳು ಮೌಸ್ ಹಿಡದಾಗ ಹಿಂದ ನಿಂತು 'ಹಂಗಲ್ಲ, ಹಿಂಗ' ಅನ್ನಾವ್ರು ಇರೂದಿಲ್ಲ."

ಇವತ್ತು ಮಾತ್ರ ಹಾಗಾಗಿಲ್ಲ. ಹಾಲವ್ವನವರ ಗಂಡ ದ್ಯಾಮಪ್ಪ ಹೊಲಕ್ಕೆ ಹೋಗದೆ ಕಟ್ಟೆಯ ಮೇಲೆ ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದಾರೆ.

"ಬಾಯಾರ, ಎಂಟಕ್ಕ ನಯೀಮನ ಗುಜರಿ ಗಾಡಿ ಬರತೈತಿ. ನಾ ಅವಂಗ ಮಾತು ಕೊಟ್ಟೇನಿ. ಆ ಡಬ್ಬಿ ಹಾಕಿದ್ರ ಒಂದು ಸ್ಟೀಲಿನ ಕೊಡ ಬರತೈತಿ."

"ಕೊಡ ಅರ್ಜಿ ಬರಿತೈತೇನು?" ಒಳಗಿನಿಂದ ಹಾಲವ್ವ ಕೇಳುತ್ತಾರೆ.

"ಈ ಡಬ್ಬಿರ ಎಲ್ಲಿ ಬರಿತೈತಿ? ಮೂರು ವಾರ ಆತು ಕಣ್ಣು ಮುಚ್ಚಿ."

ಅರವತ್ತೊಂದರ ಹಾಲವ್ವ ಓದಿದ್ದು ಏಳನೇ ತರಗತಿ. ಮಗಳ ಓದಿಗೆಂದು ತಂದ ಕಂಪ್ಯೂಟರ್ ಮಗಳ ಮದುವೆಯಾದ ಮೇಲೆ ಮನೆಯಲ್ಲೇ ಉಳಿಯಿತು. ಅದರಲ್ಲಿ ಹಾಲವ್ವ ಒಂದೊಂದೇ ಬೆರಳಿಟ್ಟು ಕನ್ನಡ ಟೈಪಿಂಗ್ ಕಲಿತರು. ಹನ್ನೊಂದು ವರ್ಷದಿಂದ ಊರಿನ ಹೆಂಗಸರ ಅರ್ಜಿಗಳನ್ನು ಬರೆದುಕೊಡುತ್ತಿದ್ದಾರೆ. ವಿಧವಾ ವೇತನ, ಪಡಿತರ ಚೀಟಿ, ನಳ, ಪಾಯಿಖಾನೆ, ಮನೆ ಜಾಗದ ಖಾತೆ. ಅವರದೊಂದು ರೂಢಿಯಿದೆ. ಅರ್ಜಿ ಕೊಟ್ಟು ಬಂದ ಹೆಂಗಸು ಸೀದಾ ಹಾಲವ್ವನವರ ಮನೆಗೆ ಬರಬೇಕು. ಕಚೇರಿಯಲ್ಲಿ ಹಾಕಿದ ಆವಕ ಸಂಖ್ಯೆ, ತಾರೀಕು, ಅರ್ಜಿ ತಗೊಂಡವರು ಯಾರು, ಅವರು ಏನಂದರು, ಇಷ್ಟನ್ನೂ ಅದೇ ಅರ್ಜಿಯ ಅಡಿಗೆ ಟೈಪ್ ಮಾಡಿಟ್ಟ ಮೇಲೆಯೇ ಆಕೆಗೆ ಚಹಾ.

ಬಾಗಿಲ ಬದಿಯಲ್ಲಿ ಸೆರಗು ಹೊದ್ದು ಕೂತಿರುವ ಭರಮವ್ವನಿಗೆ ಬೇಕಾದದ್ದು ಅಂಥದೇ ಒಂದು ಹಾಳೆ. ಗಂಡ ತೀರಿದ ವರ್ಷ, ಅಂದರೆ ಆರು ವರ್ಷದ ಹಿಂದೆ, ಮನೆ ಜಾಗವನ್ನು ತನ್ನ ಹೆಸರಿಗೆ ಮಾಡಿಕೊಡಿರೆಂದು ಆಕೆ ಅರ್ಜಿ ಕೊಟ್ಟಿದ್ದರು. ಈಗ ಮೈದುನ ಆ ಜಾಗ ತನ್ನದು, ಅತ್ತಿಗೆ ಅರ್ಜಿಯನ್ನೇ ಹಾಕಿಲ್ಲ ಎನ್ನುತ್ತಿದ್ದಾನೆ. ಇವತ್ತು ಹನ್ನೊಂದಕ್ಕೆ ಕಚೇರಿಯಲ್ಲಿ ವಿಚಾರಣೆ. ಅರ್ಜಿ ಕೊಟ್ಟಿದ್ದಕ್ಕೆ ಗುರುತು ತೋರಿಸು ಅಂದರೆ ತೋರಿಸಲು ಏನೂ ಇಲ್ಲ; ಸ್ವೀಕೃತಿಯ ಚೀಟಿಯನ್ನು ಗೆದ್ದಲು ತಿಂದಿದೆ. ಉಳಿದಿದ್ದರೆ ಈ ಡಬ್ಬಿಯೊಳಗೆ ಉಳಿದಿರಬೇಕು. ಪೇಟೆಯ ರಿಪೇರಿ ಅಂಗಡಿಯವರು, "ಎಲ್ಲ ಅಳಸಬೇಕಾಗತೈತಿ, ಹೊಸಾದು ತಗೊಳ್ರಿ," ಎಂದು ಕೈಚೆಲ್ಲಿದ್ದಾರೆ. ಎಂಟೂವರೆಯ ಬಸ್ಸಿಗೆ ಭರಮವ್ವ ಹೊರಡಬೇಕು.

ನಲವತ್ಮೂರರ ಸುಜಾತಾ ಸವಣೂರು ತಾಲ್ಲೂಕಿನ ಯಲವಿಗಿಯವರು. ಅಪ್ಪ ಮಂಜಪ್ಪ ರೈಲ್ವೆ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದವರು. ದಿನಾ ಸುತ್ತಿಗೆ ಹಿಡಿದು ಮೈಲುಗಟ್ಟಲೆ ನಡೆದು, ಸಡಿಲವಾದ ಕೀಲಿಗಳನ್ನು ಬಡಿದು ಬರುತ್ತಿದ್ದರು. "ಹಳಿ ಹಳೇದಾತು ಅಂತ ಯಾರರ ರೈಲು ಬಿಡೂದು ಬಿಡ್ತಾರೇನ? ಬಡದು ಬಿಗಿ ಮಾಡ್ತಾರ. ನಾನೂ ಅದನ್ನ ಮಾಡಾಕತ್ತೇನಿ," ಎನ್ನುತ್ತಾರೆ ಮಗಳು.

ಕನ್ನಡ ಟೈಪಿಂಗ್‌ನಲ್ಲಿ ಸೀನಿಯರ್ ಪಾಸಾದ ಸುಜಾತಾ ಸವಣೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ಮದುವೆ ಕಾರ್ಡು, ಶ್ರದ್ಧಾಂಜಲಿ, ಪ್ರಶ್ನೆಪತ್ರಿಕೆ ಟೈಪ್ ಮಾಡಿದರು. ಒಂದು ದಿನ ಅಂಗಡಿಗೆ ಹೊಸ ಯಂತ್ರಗಳು ಬಂದವು, ಜೊತೆಗೆ ಹೊಸ ಹುಡುಗಿಯರೂ ಬಂದರು. "ನೀನೂ ಹಳೇದಾದಿ, ನಿನ್ನ ಮಷೀನೂ ಹಳೇದಾತು. ಹೋಗುವಾಗ ಅದನ್ನ ಗುಜರಿಗೆ ಹಾಕಿ ಹೋಗು," ಎಂದರಂತೆ ಮಾಲೀಕರು. ಸುಜಾತಾ ಆ ಯಂತ್ರವನ್ನು ಗುಜರಿಗೆ ಹಾಕಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಯಲವಿಗಿಗೆ ತಂದರು. "ನನಗ ಅಂದದ್ದನ್ನ ಸಹಿಸ್ತಿದ್ನೇನೊ. ಅದಕ್ಕೂ ಅಂದ್ರಲ್ಲ, ಅದು ಸಿಟ್ಟು ತರಸ್ತು."

ಕಾಲೇಜಿನ ಉಪನ್ಯಾಸಕಿ ಒಬ್ಬರು ಹಿಂದೆಂದೋ ಟೈಪಿಂಗ್ ಕೆಲಸಕ್ಕೆ ಬಂದಾಗ ಕೊಟ್ಟುಹೋಗಿದ್ದ ಒಂದು ಸಿ.ಡಿ. ಅವರ ಟ್ರಂಕಿನಲ್ಲಿತ್ತು. ಅದರಲ್ಲಿ ಲಿನಕ್ಸ್ ಇತ್ತು. ಯಾವ ಕಂಪನಿಯ ಸೊತ್ತೂ ಅಲ್ಲದ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ, ಬಲ್ಲವರು ತಿದ್ದಬಹುದಾದ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಅದು. ಹತ್ತು ಸಲ ಕೆಟ್ಟು ಹನ್ನೊಂದನೆಯ ಸಲಕ್ಕೆ ಯಂತ್ರ ಕಣ್ಣುಬಿಟ್ಟಿತು. ಇದೇನೆಂದು ಕೇಳುವ ಹೆಂಗಸರಿಗೆ ಸುಜಾತಾ ರೊಟ್ಟಿಯ ಲೆಕ್ಕದಲ್ಲೇ ಹೇಳುತ್ತಾರೆ: "ರೊಟ್ಟಿ ಬಡಿಯೂದು ಯಾರಪ್ಪನ ಸೊತ್ತ್ರಿ? ಒಬ್ಬಾಕಿ ಬಡೀತಾಳ, ಇನ್ನೊಬ್ಬಾಕಿ ನೋಡಿ ಕಲೀತಾಳ, ಮೂರನೇಕಿ ಇನ್ನಷ್ಟು ತೆಳ್ಳಗ ಬಡೀತಾಳ. ನನ್ನ ರೊಟ್ಟಿ ನೋಡಿ ಯಾಕ ಕಲತಿ ಅಂತ ಯಾರೂ ಜಗಳಾ ತಗಿಯೂದಿಲ್ಲ. ಇದೂ ಹಂಗ."

ನಾಲ್ಕು ವರ್ಷದಲ್ಲಿ ಅವರು ಹೀಗೆ ಬದಲಿಸಿದ ಮನೆ ಕಂಪ್ಯೂಟರುಗಳು ಇನ್ನೂರ ಹದಿನೇಳು. ಸವಣೂರು ತಾಲ್ಲೂಕಿನಲ್ಲಿ ಎಪ್ಪತ್ತೊಂದು, ಹಾನಗಲ್ಲಿನಲ್ಲಿ ಐವತ್ತೆಂಟು, ಶಿಗ್ಗಾಂವಿಯಲ್ಲಿ ನಲವತ್ತೊಂಬತ್ತು, ಹಿರೇಕೆರೂರಿನಲ್ಲಿ ಮೂವತ್ತೊಂಬತ್ತು. ಕಳೆದ ವರ್ಷ ಹಳೆಯ ಯಂತ್ರಗಳ ಪರದೆಯ ಮೇಲೆ 'ನಿಮ್ಮ ಕಂಪ್ಯೂಟರ್ ಹೊಸ ಆವೃತ್ತಿಗೆ ತಕ್ಕುದಲ್ಲ' ಎಂಬ ಸೂಚನೆ ಬರತೊಡಗಿದ ಮೇಲೆ ವಾರಕ್ಕೆ ಎರಡು ಮೂರು ಕರೆಗಳು ಬರುತ್ತವೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದರಿಂದ ದೂರ ಈಗ ಲೆಕ್ಕಕ್ಕಿಲ್ಲ. ಚೀಲದಲ್ಲಿ ಮೂರು ಪೆನ್‌ಡ್ರೈವ್, ಸ್ಕ್ರೂಡ್ರೈವರ್, ಕುಂಚ, ರಬ್ಬರು, ಗಡಿಯಾರದ ಸೆಲ್ಲಿನಂಥ ನಾಲ್ಕು ಗುಂಡು ಸೆಲ್ಲು, ಎರಡು ಕಟಕ ರೊಟ್ಟಿ.

ಅವರದೊಂದು ಷರತ್ತೂ ಇದೆ. ಫೋನಿನಲ್ಲೇ ಹೇಳಿಬಿಡುತ್ತಾರೆ: "ನಾ ಮನಿ ಒಳಗ ಬರ್ತೇನಿ, ಕುರ್ಚಿ ಮ್ಯಾಲೆ ಕುಂದರ್ತೇನಿ, ನೀವು ಕುಡಿಯೂ ಕಪ್ಪಿನ್ಯಾಗ ಚಹಾ ಕುಡೀತೇನಿ. ಆಗತೈತೇನ್ರಿ?" ಆರಂಭದ ದಿನಗಳಲ್ಲಿ ಒಂದು ಮನೆಯವರು ಕಂಪ್ಯೂಟರನ್ನು ಅಂಗಳಕ್ಕೆ ಎತ್ತಿ ತಂದಿಟ್ಟಿದ್ದರು. ಸುಜಾತಾ ಚೀಲ ಬಿಚ್ಚದೆ ವಾಪಸು ಬಂದರು. "ಅಂಗಳದಾಗ ಕೆಲಸ ಮಾಡಾಕ ನಾ ಏನು ಗೂಡಂಗಡಿನ? ಅವ್ರೂ ಮುಂದ ಎಂಟು ತಿಂಗಳಿಗೆ ಫೋನ್ ಮಾಡಿದ್ರು. ಪಡಸಾಲ್ಯಾಗ ಕುರ್ಚಿ ಹಾಕಿಟ್ಟಿದ್ರು. ಹೋದೆ. ಮಾಡಿಕೊಟ್ಟೆ." ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಆದರೆ ಕೈಯಲ್ಲಿನ ಸ್ಕ್ರೂ ಒಂದು ಸುತ್ತು ಹೆಚ್ಚೇ ಬಿಗಿಯಾಗುತ್ತದೆ.

ಇಷ್ಟು ಗಟ್ಟಿ ಹೆಂಗಸಿನ ಎದೆಯೊಳಗೆ ಒಂದು ಮುಳ್ಳು ಮುರಿದು ಉಳಿದಿದೆ. ಸವಣೂರಿನ ಶಾಕೀರಾ ಸುಜಾತಾರ ಗೆಳತಿ. ಖಾರಾ ತಿಂಡಿ ಮಾಡಿ ಮಾರುವ ಮನೆತನ. ಮದುವೆಯಲ್ಲಿ ಅರಿಶಿಣ ಹಚ್ಚುವಾಗ ಶಾಕೀರಾರ ತಾಯಿ ಹಾಡುತ್ತಿದ್ದ ಅರವತ್ಮೂರು ಹಾಡುಗಳನ್ನು, ಉರ್ದು ಮಾತಿನ ಆ ಹಾಡುಗಳನ್ನು, ತಾನು ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರದಲ್ಲಿ ಶಾಕೀರಾ ಟೈಪ್ ಮಾಡಿಟ್ಟಿದ್ದರು. ತಾಯಿ ತೀರಿದ್ದಾರೆ. ಸುಜಾತಾ ಬದಲಿಸಿದ ಆರನೆಯ ಕಂಪ್ಯೂಟರ್ ಅದು. ಹಳೆಯ ಕನ್ನಡ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡ ಕಾಣುವುದಿಲ್ಲ. ಕೊಂಬು, ಬಾಲ, ಟೋಪಿ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹದಿನಾಲ್ಕು ವರ್ಷ ಅದೇ ಫಾಂಟಿನಲ್ಲಿ ದುಡಿದಿದ್ದ ಸುಜಾತಾ ಅದನ್ನು ಆ ವೇಷದಲ್ಲಿ ಎಂದೂ ಕಂಡಿರಲಿಲ್ಲ. ಏನೋ ಕೆಟ್ಟ ಕಸ ಎಂದುಕೊಂಡರು. ಗೆಳತಿಯನ್ನು ಕೇಳದೆ ಅಳಿಸಿದರು.

ಗೊತ್ತಾದ ದಿನ ಶಾಕೀರಾರ ಮನೆಗೆ ಹೋಗಿ ನಿಂತಾಗ ಆಕೆ ಕಡಾಯಿಯಿಂದ ಕಣ್ಣೆತ್ತದೆ ಹೇಳಿದ್ದು ಇಷ್ಟು: "ಅಳಾಕ ಬಂದಿದ್ರ ಮನಿಗೆ ಹೋಗು. ಟೈಪ್ ಮಾಡಾಕ ಬಂದಿದ್ರ ಕುಂದರು." ಸುಜಾತಾ ಕುಳಿತರು. ಶಾಕೀರಾ ನೆನಪಿನಿಂದ ಹಾಡಿದರು, ಇವರು ಟೈಪ್ ಮಾಡಿದರು. ಎರಡು ತಿಂಗಳ ಶುಕ್ರವಾರಗಳಲ್ಲಿ ನಲವತ್ತೊಂದು ಹಾಡು ಮರಳಿ ಬಂದವು. ಇಪ್ಪತ್ತೆರಡು ಬರಲಿಲ್ಲ. ಅಂದಿನಿಂದ ಸುಜಾತಾರ ಪೆನ್‌ಡ್ರೈವಿನಲ್ಲಿ ಆ ಹಳೆಯ ಫಾಂಟ್ ಸದಾ ಇರುತ್ತದೆ. ಅಂದಿನಿಂದ ಅವರು ಯಾರ ಮನೆಯಲ್ಲೂ ಅಳಿಸುವ ಗುಂಡಿಯನ್ನು ತಾವು ಒತ್ತುವುದಿಲ್ಲ. ಇರುವುದನ್ನೆಲ್ಲ ಮೊದಲು ನಕಲು ಮಾಡಬೇಕು, ಮನೆಯ ಹೆಂಗಸು ಅದನ್ನು ತೆರೆದು ಬಾಯಿಬಿಟ್ಟು ಓದಬೇಕು, ಆಮೇಲೆ ಅವಳ ಬೆರಳೇ ಒತ್ತಬೇಕು.

ಆರು ಗಂಟೆಯ ಹೊತ್ತಿಗೆ ಅಬಲೂರಿನ ಪಡಸಾಲೆಯಲ್ಲಿ ಪರದೆ ಬೆಳಗುತ್ತದೆ. ಡಬ್ಬಿಯಲ್ಲಿನ ಯಾವುದನ್ನೂ ಮುಟ್ಟದೆ, ಲಿನಕ್ಸನ್ನು ಸದ್ಯಕ್ಕೆ ಪೆನ್‌ಡ್ರೈವಿನಿಂದಲೇ ನಡೆಸುತ್ತ ಸುಜಾತಾ ಒಳಗೆ ಇಣುಕುತ್ತಾರೆ. ಕಡತಗಳು ಇವೆ. ಆರುನೂರಕ್ಕೂ ಮಿಕ್ಕಿ ಇವೆ. ಒಂದನ್ನು ತೆರೆಯುತ್ತಾರೆ. ಕೊಂಬು, ಬಾಲ, ಟೋಪಿ.

"ಇದ್ಯಾವ ಭಾಷಾನ ಯವ್ವಾ?" ಭರಮವ್ವ ಗಾಬರಿಯಾಗುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ಆದರೂ ಇದು ಕನ್ನಡವಲ್ಲ ಎಂದು ಕಾಣುತ್ತದೆ.

ಹಾಲವ್ವ ಪರದೆಯ ಹತ್ತಿರಕ್ಕೆ ಬಾಗಿ ನೋಡುತ್ತಾರೆ. ಹೊರಗಿನಿಂದ ದ್ಯಾಮಪ್ಪ, "ಕೊಡಾನ ಬೇಶಿತ್ತು," ಎನ್ನುತ್ತಾರೆ.

ಸುಜಾತಾ ಎರಡನೆಯ ಪೆನ್‌ಡ್ರೈವ್ ಚುಚ್ಚಿ ಫಾಂಟನ್ನು ಹಾಕಿ, ಕಡತವನ್ನು ಮುಚ್ಚಿ ಮತ್ತೆ ತೆರೆಯುತ್ತಾರೆ. ಪರದೆಯ ತುಂಬ ದುಂಡನೆಯ ಕನ್ನಡ. 'ಇವರಿಂದ: ಕೆಂಚವ್ವ ಕೋಂ ಬಸಪ್ಪ.' ಹಾಲವ್ವ ಬೆರಳು ಚಾಚಿ ಪರದೆಯನ್ನು ಮುಟ್ಟಿ ನೋಡುತ್ತಾರೆ.

ಈಗ ಭರಮವ್ವನ ಅರ್ಜಿ ಹುಡುಕಬೇಕು. ಹೆಸರು ನೋಡಿ ಹುಡುಕೋಣವೆಂದರೆ ಕಡತಗಳ ಹೆಸರು 'ಕೆಕೆಕೆ', 'ಕೆಕೆಕೆಕೆ', 'ಜೆಜೆ', 'ಎಸ್‌ಎಸ್‌ಎಸ್'. ಹಾಲವ್ವ ನಾಚಿಕೊಂಡು ಒಪ್ಪಿಕೊಳ್ಳುತ್ತಾರೆ: "ಕಡೀಕ ಏನೋ ಹೆಸರು ಕೇಳತಿತ್ತು. ಇಂಗ್ಲಿಷ್ ನನಗೇನು ತಿಳೀಬೇಕು? ಬೆರಳಿಗೆ ಸಿಕ್ಕ ಗುಂಡಿ ಒತ್ತಿಬಿಡ್ತಿದ್ದೆ." ತಾರೀಕು ನೋಡೋಣವೆಂದರೆ ಎಲ್ಲದರ ಮೇಲೂ ಒಂದೇ ತಾರೀಕು, ಎರಡು ಸಾವಿರದ ಒಂಬತ್ತರ ಜನವರಿ ಒಂದು. ಒಳಗಿನ ಗುಂಡು ಸೆಲ್ಲು ಸತ್ತಿದ್ದರಿಂದ ಕಂಪ್ಯೂಟರಿಗೆ ಪ್ರತಿದಿನವೂ ಹೊಸ ವರ್ಷವೇ.

"ಹಂಗಾರ ಒಂದೊಂದ ಓದೂದ," ಎನ್ನುತ್ತಾರೆ ಸುಜಾತಾ. "ನಾ ತಗೀತೇನಿ, ನೀವು ಹೆಸರು ಓದ್ರಿ."

ಹಾಲವ್ವ ಓದುತ್ತಾರೆ. ನೀಲವ್ವ, ಪಡಿತರ ಚೀಟಿ. ಗಿರಿಜವ್ವ, ನಳದ ನೀರು. ಫಕೀರವ್ವ, ವಿಧವಾ ವೇತನ. ನಿದ್ದೆಗಣ್ಣಿನ ಊರಿನಲ್ಲಿ ಹೆಂಗಸರ ಹೆಸರುಗಳು ಗಟ್ಟಿಯಾಗಿ ಕೇಳುತ್ತವೆ. ಭರಮವ್ವ ನಡುನಡುವೆ ವಿಚಾರಿಸುತ್ತಾರೆ.

"ನೀಲವ್ವಗ ಚೀಟಿ ಬಂತೇನು?"

"ಬಂತು. ಮೂರು ಸಲ ಬರದಮ್ಯಾಲೆ."

"ಫಕೀರವ್ವಗ?"

"ಪಗಾರ ಬರೂದ್ರಾಗ ಆಕಿನ ಹೋದ್ಲು."

ಕಟ್ಟೆಯ ಮೇಲೆ ಬೇವಿನ ಕಡ್ಡಿ ಅಗಿಯುವ ಸದ್ದು ನಿಂತಿದೆ. ಹನ್ನೊಂದು ವರ್ಷ ಹೆಂಡತಿ ಈ ಮೂಲೆಯಲ್ಲಿ ಟಕಟಕ ಎನ್ನಿಸುತ್ತಿದ್ದದ್ದು ಏನೆಂದು ದ್ಯಾಮಪ್ಪ ಎಂದೂ ಕೇಳಿದವರಲ್ಲ. ಏಳು ಗಂಟೆಯ ಹೊತ್ತಿಗೆ ಅವರು ಎದ್ದು ಬಾಗಿಲಲ್ಲಿ ನಿಲ್ಲುತ್ತಾರೆ. "ಇನ್ನೂ ಎಷ್ಟು ಉಳದಾವ?"

"ನಾಕನೂರಿಪ್ಪತ್ತು," ಎನ್ನುತ್ತಾರೆ ಸುಜಾತಾ.

"ಅಷ್ಟೂ ಈಕಿನ ಬರದಾಳ?"

"ಅಲ್ರಿ, ಕೊಡ ಬರದೈತಿ," ಎನ್ನುತ್ತಾರೆ ಹಾಲವ್ವ, ಪರದೆಯಿಂದ ಕಣ್ಣು ತೆಗೆಯದೆ.

ಏಳು ಮುಕ್ಕಾಲಿಗೆ 'ಜೆಜೆಜೆಜೆಜೆ' ಎಂಬ ಕಡತ ತೆರೆಯುತ್ತದೆ. ಹಾಲವ್ವ ಓದುತ್ತಾರೆ: ಭರಮವ್ವ ಕೋಂ ಚಂದ್ರಪ್ಪ. ವಿಷಯ: ಮನೆ ಜಾಗದ ಖಾತೆ ಬದಲಾವಣೆ. ಅಡಿಯಲ್ಲಿ ಆವಕ ಸಂಖ್ಯೆ, ತಾರೀಕು, ಅದರ ಕೆಳಗೆ ಇನ್ನೊಂದು ಸಾಲು: 'ಕನ್ನಡಕದ ಸಣ್ಣ ಗುಮಾಸ್ತರು ತಗೊಂಡರು. ಹದಿನೈದು ದಿನ ಬಿಟ್ಟು ಬಾ ಅಂದರು.' ತನ್ನ ಹೆಸರಿನ ಜೊತೆ ಗಂಡನ ಹೆಸರೂ ಕಿವಿಗೆ ಬಿದ್ದದ್ದೇ ಭರಮವ್ವ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಅತ್ತು ಮುಗಿಸಲು ಸುಜಾತಾ ಬಿಡುವುದಿಲ್ಲ. "ಬಸ್ಸಿಗೆ ಹೊತ್ತಾಕ್ಕೈತಿ ಭರಮವ್ವಾರ, ಆಮ್ಯಾಲೆ ಅಳೂಣು." ಧೂಳು ಹಿಡಿದ ಪ್ರಿಂಟರಿನ ತಂತಿ ಚುಚ್ಚುತ್ತಾರೆ. ಅದು ಎರಡು ಸಲ ಕೆಮ್ಮಿ ಹಾಳೆಯನ್ನು ಹೊರಗೆ ತಳ್ಳುತ್ತದೆ. ಎರಡು ಪ್ರತಿ. ಒಂದು ಕಚೇರಿಗೆ, ಒಂದು ಕುಬಸದೊಳಗೆ.

ಭರಮವ್ವ ಹೊರಟ ಬೆನ್ನಿಗೇ ನಯೀಮನ ಗಾಡಿ ಬರುತ್ತದೆ. ಬಾಗಿಲಲ್ಲಿ ಇಣುಕಿದ ನಯೀಮ ಸುಜಾತಾರನ್ನು ಕಂಡು ಹಣೆ ಹಣೆ ಬಡಿದುಕೊಳ್ಳುತ್ತಾನೆ.

"ಅಕ್ಕಾ, ಇಲ್ಲೂ ಬಂದೀರೇನು? ಹಾನಗಲ್ಲಿನ್ಯಾಗ ಹಿಂಗ, ಹಿರೇಕೆರೂರಿನ್ಯಾಗ ಹಿಂಗ. ನಾ ಏನು ಗಾಡ್ಯಾಗ ಗಾಳಿ ತುಂಬಕೊಂಡು ಹೋಗ್ಲಿ?"

"ಬರಿಗೈಲಿ ಯಾಕ ಹೋಗ್ತಿ? ನಮ್ಮ ಮನಿಯಾಗೊಂದು ಹಳೇದೈತಿ, ಕಟ್ಟಿ ಮ್ಯಾಲೆ. ಹೇರಿಕೊಂಡು ಹೋಗು," ಎಂದು ಹಾಲವ್ವ ಗಂಡನ ಕಡೆ ಕೈ ತೋರಿಸುತ್ತಾರೆ. ನಯೀಮ ಬಿದ್ದು ಬಿದ್ದು ನಗುತ್ತಾನೆ. ದ್ಯಾಮಪ್ಪ ನಗದಿರಲು ನೋಡಿ ಸೋಲುತ್ತಾರೆ.

ಗಾಡಿ ಹೋದ ಮೇಲೆ ಉಳಿದ ಕಡತಗಳೂ ನಕಲಾಗುತ್ತವೆ. ಪೂರ್ತಿ ಓದಿ ಮುಗಿಸುವವರೆಗೆ ನಕಲನ್ನು ಅಳಿಸಬಾರದೆಂದು ಹೇಳಿ ಸುಜಾತಾ ಒಂದು ಪೆನ್‌ಡ್ರೈವನ್ನು ಹಾಲವ್ವನವರ ಕೈಗೇ ಕೊಡುತ್ತಾರೆ. ಪುಣ್ಯಕ್ಕೆ ಕರೆಂಟು ಇನ್ನೂ ಇದೆ. ಹೊಸ ಸೆಲ್ಲು ಕೂರುತ್ತದೆ. ಅಳಿಸುವ ಗುಂಡಿಯನ್ನು ಹಾಲವ್ವ ಒತ್ತುತ್ತಾರೆ. ಲಿನಕ್ಸ್ ಇಳಿಯುತ್ತ ಇಳಿಯುತ್ತ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತದೆ: ನಿಮ್ಮ ಹೆಸರು?

"ಮನಿಯವ್ರದ್ದು ಹಾಕ್ಲೇನು?" ಹಾಲವ್ವ ತಗ್ಗಿದ ದನಿಯಲ್ಲಿ ಕೇಳುತ್ತಾರೆ.

ಸುಜಾತಾಗೆ ಇದು ಹೊಸದಲ್ಲ. ಇನ್ನೂರ ಹದಿನೇಳು ಮನೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಹೆಂಗಸರು ಈ ಜಾಗದಲ್ಲಿ ಮೊದಲು ಗಂಡನ ಇಲ್ಲವೇ ಮಗನ ಹೆಸರನ್ನೇ ಬರೆಯಹೊರಟವರು. ಅದು ಹೆದರಿಕೆಯಲ್ಲ, ಬರೀ ರೂಢಿ. ಬೇರೆಯವರಿಗೆ ಆರುನೂರು ಸಲ 'ಇವರಿಂದ' ಎಂದು ಬರೆದ ಕೈ ತನ್ನ ಹೆಸರಿಗೆ ಬಂದಾಗ ಯಾರದೋ ಒಪ್ಪಿಗೆಗೆ ಕಾಯುತ್ತದೆ.

"ಅರ್ಜಿ ಬರಿಯಾವ್ರು ಯಾರ್ರಿ? ಅವ್ರದ್ದು ಹಾಕ್ರಿ."

ಹಾಲವ್ವ ಒಂದೊಂದೇ ಅಕ್ಷರ ಒತ್ತುತ್ತಾರೆ. ಪಾಸ್‌ವರ್ಡಿನ ಸರದಿ ಬಂದಾಗ ಸುಜಾತಾ ಎಂದಿನಂತೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಅಲ್ಲಿಂದಲೇ ಹೇಳುತ್ತಾರೆ: "ದ್ಯಾಮಪ್ಪಣ್ಣಾರ, ನೀವೂ ತಿರಗ್ರಿ."

"ನಾ ಯಾಕ? ನಾ ಗಂಡ ಅದೇನಿ."

"ಅದಕ್ಕ."

ದ್ಯಾಮಪ್ಪ ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ನಿಲ್ಲುತ್ತಾರೆ. ಹಿಂದೆ ಗುಂಡಿಗಳು ಟಕಟಕ ಸದ್ದು ಮಾಡುತ್ತವೆ. ಬಹಳ ಹೊತ್ತು ಮಾಡುತ್ತವೆ. "ಎಷ್ಟುದ್ದ ಇಡಾಕತ್ತಿ?" ಎಂದು ಅವರು ಕ್ಯಾಲೆಂಡರನ್ನೇ ಕೇಳುತ್ತಾರೆ.

ಹತ್ತು ಗಂಟೆಗೆ ಎಲ್ಲ ಮುಗಿದಿದೆ. ಈಗ ಕಡತದ ಹೆಸರನ್ನೂ ಕನ್ನಡದಲ್ಲೇ ಬರೆಯಬಹುದೆಂದು ಸುಜಾತಾ ತೋರಿಸಿಕೊಡುತ್ತಾರೆ. 'ಜೆಜೆಜೆಜೆಜೆ' ಇದ್ದದ್ದು 'ಭರಮವ್ವ' ಆಗುತ್ತದೆ. ಆಮೇಲೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ಇನ್ನೂರ ಹದಿನೆಂಟು. ಹಾಲವ್ವ, ಅಬಲೂರು. ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದರಿಂದ ಇಪ್ಪತ್ತೆರಡರವರೆಗೆ ಬರೀ ಅಂಕಿಗಳಿವೆ, ಎದುರಿಗೆ ಖಾಲಿ. ಶಾಕೀರಾರ ತಾಯಿಯ ಹಾಡು ಬಲ್ಲವರು ಎಲ್ಲಾದರೂ ಸಿಗಬಹುದೆಂದು ಹೋದಲ್ಲೆಲ್ಲ ವಿಚಾರಿಸುತ್ತಾರೆ. ಮೂರನೆಯ ಅಂಕಿಯ ಮುಂದೆ ಮಾತ್ರ ಒಂದು ಹಾಡಿನ ಸಾಲುಗಳಿವೆ. ಶಿಗ್ಗಾಂವಿಯ ಒಬ್ಬ ಮುದುಕಿ ಹೇಳಿದ್ದು. "ಇನ್ನ ಇಪ್ಪತ್ತೊಂದು. ಅವು ಸಿಕ್ಕ್ರ ಸಾಕು ನನಗ, ಬ್ಯಾರೆ ಏನೂ ಬ್ಯಾಡ. ಸಿಗಲಿಲ್ಲಂದ್ರೂ ಕೇಳೂದು ಬಿಡೂದಿಲ್ಲ."

ಮಧ್ಯಾಹ್ನ ಒಂದೂವರೆಗೆ, ಸುಜಾತಾ ಊಟಕ್ಕೆ ಕೂತಿರುವಾಗ ಹಾಲವ್ವನವರ ಫೋನು ರಿಂಗಾಗುತ್ತದೆ. ಯಾರದೋ ಮೊಬೈಲಿನಿಂದ ಭರಮವ್ವ. ಕಚೇರಿಯವರು ಹಳೆಯ ಆವಕ ಪುಸ್ತಕ ತರಿಸಿದರಂತೆ. ಆ ಸಂಖ್ಯೆಯ ಎದುರಿಗೆ ಆಕೆಯ ಹೆಸರಿತ್ತಂತೆ. ಜಾಗ ಇನ್ನೂ ಕೈಗೆ ಬಂದಿಲ್ಲ, ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ. ಆದರೆ ಅರ್ಜಿಯೇ ಹಾಕಿಲ್ಲ ಎನ್ನುವ ಬಾಯಿ ಮುಚ್ಚಿದೆ.

"ಮೈದುನ ಏನಂದ?" ಹಾಲವ್ವ ಕೇಳುತ್ತಾರೆ.

"ಅವ ಏನನ್ನತಾನ? ನೆಲಾ ನೋಡಿದ. ಆ ಗುಮಾಸ್ತರು ಕೇಳಿದ್ರು, ಆರು ವರ್ಷದ ಹಾಳಿ ಇಷ್ಟು ಜ್ವಾಪಾನದಿಂದ ಯಾವ ಆಫೀಸಿನ್ಯಾಗ ಇಟ್ಟಿದ್ದೆವ್ವಾ ಅಂತ."

"ನೀ ಏನಂದಿ?"

ಫೋನಿನಲ್ಲಿ ಬಸ್‌ಸ್ಟ್ಯಾಂಡಿನ ಗದ್ದಲ. ಅದರ ಮೇಲೆ ದನಿಯೆತ್ತಿ ಭರಮವ್ವ ಹೇಳುತ್ತಾರೆ:

"ಹಾಲವ್ವನ ಆಫೀಸಿನ್ಯಾಗ, ಅಂದೆ."